ನೂರ ಹದಿನಾರು ಊಟ, ಹತ್ತೊಂಬತ್ತು ರೇಸು

ಶೇಖರ್ ಅಂಕಲ್ ನಮ್ಮ ಮನೆಯಲ್ಲಿ ಊಟ ಮಾಡಿದ್ದು ನೂರ ಹದಿನಾರು ಸಲ. ಎಂಟನೇ ವಯಸ್ಸಿನಿಂದ ನಾನು ದಿನಚರಿ ಇಟ್ಟಿದ್ದೇನೆ. ಮನೆಗೆ ಯಾರು ಬಂದರು, ಏನು ಉಂಡರು, ಎಷ್ಟು ಹೊತ್ತಿಗೆ ಎದ್ದು ಹೋದರು ಎಂಬುದೆಲ್ಲ ಅದರಲ್ಲಿದೆ. ಬರೆದದ್ದು ಕನ್ನಡದಲ್ಲಿ, ಏಕೆಂದರೆ ಶಾಲೆಯಲ್ಲಿ ಪಕ್ಕ ಕೂರುವವರು ಅದನ್ನು ಕದ್ದು ಓದಬಾರದಿತ್ತು. ತಾರೀಖುಗಳೂ ಇವೆ, ಅವನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ, ಓದುವವರಿಗೆ ಅವುಗಳಿಂದ ಆಗಬೇಕಾದ್ದೇನೂ ಇಲ್ಲ. ಎಣಿಕೆಗಳನ್ನು ಮಾತ್ರ ಬಿಡಲಾರೆ. ಆ ನೂರ ಹದಿನಾರರಲ್ಲಿ ಎಪ್ಪತ್ತೊಂದು ಸಲ ಮುದ್ದೆ, ಇಪ್ಪತ್ತೆರಡು ಸಲ ಅಕ್ಕಿರೊಟ್ಟಿ, ಉಳಿದದ್ದು ಅನ್ನ ಸಾರು. ಅಜ್ಜಿ ಎರಡನೇ ಮುದ್ದೆ ಹಾಕಲು ಬಂದಾಗ ಅವರು ಬೇಡವೆಂದದ್ದು ಮೂರೇ ಸಲ. ಅವರ ಮೇಲೆ ನನಗಿರುವ ಸಿಟ್ಟಿಗೆ ಈಗ ಹನ್ನೆರಡು ವರ್ಷ. ಅದು ಆರಲಿ ಎಂದು ನಾನು ಕಾಯುತ್ತಿಲ್ಲ. ಆರಿಹೋದೀತೆಂದು ಆಗಾಗ ಆ ಪುಸ್ತಕ ತೆಗೆದು ನೋಡುತ್ತೇನೆ.

ನಾವು ಆಗ ನೆವಾರ್ಕ್‌ನಲ್ಲಿದ್ದೆವು. ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಒಂದರಲ್ಲಿ ಅಪ್ಪ ಅಮ್ಮ, ಇನ್ನೊಂದರಲ್ಲಿ ಅಜ್ಜಿ ಮತ್ತು ನಾನು, ಹಾಲಿನ ಸೋಫಾದ ಮೇಲೆ ಅಪ್ಪನ ತಮ್ಮ ಮಂಜು ಚಿಕ್ಕಪ್ಪ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಫ್ರಿಜ್ಜಿನ ಬಾಗಿಲು ತೆಗೆಯುವಂತಿರಲಿಲ್ಲ. ಗರಾಜು ಮಾತ್ರ ಎರಡು ಕಾರು ನಿಲ್ಲುವಷ್ಟು ದೊಡ್ಡದು. ಅಪ್ಪ ಆ ಮನೆಯನ್ನು ಒಪ್ಪಿದ್ದೇ ಗರಾಜು ನೋಡಿ, ಅಡುಗೆಮನೆಯನ್ನು ಆತ ನೋಡಿದ್ದು ಸಾಮಾನು ಇಳಿಸಿದ ಮೇಲೆ ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ಮಂಡ್ಯದ ಕಡೆ ಟ್ರ್ಯಾಕ್ಟರ್ ರಿಪೇರಿ ಮಾಡುತ್ತ ಕೆಲಸ ಕಲಿತವನು, ಇಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಚಿಕ್ಕಪ್ಪ ಕರೆಂಟ್ ಕಾರು ಮಾಡುವ ಕಂಪನಿಯೊಂದರಲ್ಲಿ ಹೊಸ ಗಾಡಿಗಳನ್ನು ಓಡಿಸಿ ನೋಡುವ ಕೆಲಸದಲ್ಲಿದ್ದ. ವಾರವೆಲ್ಲ ಸದ್ದೇ ಇಲ್ಲದ ಕಾರಿನಲ್ಲಿ ಕೂತು ಕಿವಿ ಸತ್ತುಹೋಗಿದೆ, ಒಂದು ಗರ್ಜಿಸುವ ಕಾರು ಬೇಕು ಎಂದು ಅವನು ಒಂದು ಭಾನುವಾರ ತಿಂಡಿ ತಿನ್ನುತ್ತ ಹೇಳಿದ. ತಂಡ ಹುಟ್ಟಿದ್ದು ಹಾಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ.

ಅವರು ಕಟ್ಟಿದ್ದು ಸ್ಟಾಕ್ ಕಾರು. ಅಂದರೆ ಬೀದಿಯಲ್ಲಿ ಓಡಾಡುವ ಒಂದು ಹಳೆಯ ಕಾರಿನ ಒಳಗಿರುವುದನ್ನೆಲ್ಲ ಕಿತ್ತು ಹಾಕಿ, ಓಡಿಸುವವನ ಸುತ್ತ ಕಬ್ಬಿಣದ ಪೈಪಿನ ಪಂಜರ ಬೆಸೆದು, ಸಣ್ಣದೊಂದು ಡಾಂಬರು ಟ್ರ್ಯಾಕಿನಲ್ಲಿ ಬರೀ ಎಡಕ್ಕೆ ತಿರುಗುತ್ತ ಮೂವತ್ತು ಸುತ್ತು ಓಡಿಸುವುದು. ಟ್ರ್ಯಾಕು ಇದ್ದದ್ದು ಆಲ್ಟಮಾಂಟ್ ಗುಡ್ಡದ ಆಚೆ, ಬಾದಾಮಿ ತೋಟಗಳ ನಡುವೆ. ಬೇಸಿಗೆಯಲ್ಲಿ ವಾರ ಬಿಟ್ಟು ವಾರ ಭಾನುವಾರ ಮಧ್ಯಾಹ್ನ ರೇಸು. ಉಳಿದ ತಂಡಗಳ ಕಾರುಗಳ ಮೇಲೆ ಅಂಗಡಿಗಳ ಹೆಸರು, ಹೋಟೆಲಿನ ಹೆಸರು ಇರುತ್ತಿದ್ದವು. ನಮಗೆ ಹಾಗೆ ದುಡ್ಡು ಕೊಟ್ಟು ಹೆಸರು ಹಾಕಿಸುವವರು ಯಾರೂ ಇರಲಿಲ್ಲವಾದ್ದರಿಂದ ಬಾನೆಟ್ಟು ಖಾಲಿ ಉಳಿಯಿತು. ಖಾಲಿ ಬಿಡಬಾರದೆಂದು ಚಿಕ್ಕಪ್ಪ ಅದರ ಮೇಲೆ ಅಜ್ಜಿಯ ಹೆಸರನ್ನು, ಗೌರಮ್ಮ ಎಂದು, ಅಮ್ಮ ಗೋಡೆಗೆ ಬಣ್ಣ ಬಳಿಯುವ ಬ್ರಶ್ಶಿನಿಂದ ಕನ್ನಡದಲ್ಲಿ ಬರೆದ. ಮೈಕಿನಲ್ಲಿ ಕೂಗುವವನಿಗೆ ಅದನ್ನು ಓದಲು ಬರದೆ, ಅಕ್ಷರಗಳು ಸುರುಳಿ ಸುತ್ತಿದ ಬ್ರೆಡ್ಡಿನಂತೆ ಕಂಡು, ಅವನು ನಮ್ಮದನ್ನು ಪ್ರೆಟ್ಜೆಲ್ ಕಾರು ಎಂದು ಕರೆಯತೊಡಗಿದ. ಬೇರೆಯವರು ಸವೆಸಿ ಎಸೆದ ಟೈರುಗಳಲ್ಲಿ ಒಳ್ಳೆಯವನ್ನು ಆರಿಸಿಕೊಂಡು ಬರುವುದು ಅಪ್ಪನ ಕೆಲಸ. ಆ ಎರಡು ಬೇಸಿಗೆಯಲ್ಲಿ ನಾವು ಹೊಸ ಟೈರು ಹಾಕಿದ್ದು ಒಂದೇ ಸಲ, ಅದೂ ನಾಲ್ಕೇ ನಾಲ್ಕು.

ಚಳಿಗಾಲದಲ್ಲಿ ಗರಾಜಿನ ಮಾಡು ಸೋರುತ್ತಿತ್ತು. ಹಾಗಾಗಿ ಬಿಚ್ಚಿದ ಎಂಜಿನ್ ಹಾಲಿಗೆ ಬಂತು, ಟಿವಿಯ ಪಕ್ಕ ಒಂದು ಹಳೆಯ ಟೈರಿನ ಮೇಲೆ ಕೂತಿತು. ಅಮ್ಮ ಅದರ ಮೇಲೆ ತನ್ನ ಹಳೆಯ ಹಸಿರು ಸೀರೆ ಹೊದಿಸಿದಳು. ಸತ್ಯನಾರಾಯಣ ಪೂಜೆಗೆ ಬಂದ ಯೂನಿಯನ್ ಸಿಟಿಯ ಆಂಟಿಯೊಬ್ಬರು ಅದು ದೇವರೆಂದೇ ತಿಳಿದು ಹೂವಿಟ್ಟು ಕೈ ಮುಗಿದು ಹೋದರು. ಅಜ್ಜಿ ಆ ಹೂವು ತೆಗೆಯಲು ಬಿಡಲಿಲ್ಲ. ದೊಡ್ಡ ಜಗಳವಾದದ್ದು ಡಿಶ್‌ವಾಶರಿನ ಕಾರಣಕ್ಕೆ. ಅಮ್ಮ ಕೆಲಸದಲ್ಲಿದ್ದಾಗ ಅಪ್ಪ ಅದರಲ್ಲಿ ಕಾರ್ಬ್ಯುರೇಟರಿನ ಭಾಗಗಳನ್ನು ತೊಳೆದಿದ್ದ. ಸಂಜೆ ಸಾರಿನಲ್ಲಿ ಪೆಟ್ರೋಲಿನ ವಾಸನೆ. ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಮೆಲ್ಲಗೆ ಹೇಳಿದಳು:

“ಇವತ್ತಿಂದ ನಿಮ್ ಕಾರು ಏನ್ ಕುಡಿಯುತ್ತೋ ನೀವೂ ಅದನ್ನೇ ಕುಡೀರಿ.”

ಒಂಬತ್ತು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ತಾನೇ ಗರಾಜಿಗೆ ಹೋಗಿ, ಕಾರಿನ ಕೆಳಗೆ ಮಲಗಿದ್ದ ಅಪ್ಪನಿಗೆ ಟಾರ್ಚು ಹಿಡಿದಳು.

ಇಂಥ ಮನೆಗೆ ಶೇಖರ್ ಅಂಕಲ್ ಬಂದರು. ಹಾಸನದ ಕಡೆಯವರು, ಎವರ್‌ಗ್ರೀನ್‌ನ ಗುಡ್ಡದ ಮೇಲೆ ಸ್ವಂತ ಮನೆ, ಕೈಕೆಳಗೆ ಅರವತ್ತು ಜನ ಇರುವ ಕೆಲಸ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಚಿಕ್ಕಪ್ಪನ ಮಾತು ಕೇಳಿ ಕಾರು ನೋಡಲು ಬಂದವರು ಮುದ್ದೆ ಉಂಡು ಹೋದರು. ಮರು ಗುರುವಾರ ಮತ್ತೆ ಬಂದರು. ಆಮೇಲೆ ಪ್ರತಿ ಗುರುವಾರ, ಕೆಲವೊಮ್ಮೆ ರೇಸಿಲ್ಲದ ಭಾನುವಾರ. ಅವರ ಹೆಂಡತಿಗೆ ಮುದ್ದೆ ಮಾಡಲು ಬರುವುದಿಲ್ಲವಂತೆ, ತಮ್ಮ ಅಮ್ಮ ತೀರಿಕೊಂಡ ಮೇಲೆ ಇಂಥ ಊಟ ಕಂಡಿಲ್ಲವಂತೆ. ಅಜ್ಜಿ ಅಷ್ಟಕ್ಕೇ ಕರಗಿದಳು, ಅವರಿಗೆ ಏಕವಚನ ಹಚ್ಚಿದಳು. ಅಪ್ಪ ಕೊನೆಯವರೆಗೂ ಸಾರ್ ಎಂದೇ ಕರೆದ.

ಅವರು ಸುಮ್ಮನೆ ಉಂಡು ಹೋದರೆಂದರೆ ಸುಳ್ಳಾಗುತ್ತದೆ. ನಿಯಮಗಳ ಪುಸ್ತಕವನ್ನು ನಮ್ಮಲ್ಲಿ ಪೂರ್ತಿ ಓದಿದವರು ಅವರೊಬ್ಬರೇ. ಮೊದಲ ಬೇಸಿಗೆಯ ಹತ್ತು ರೇಸಿಗೂ ಅವರೇ ನಮ್ಮ ಸ್ಪಾಟರ್. ಪಂಜರದೊಳಗೆ ಹೆಲ್ಮೆಟ್ ಹಾಕಿ ಕೂತವನಿಗೆ ಕತ್ತು ತಿರುಗಿಸಲಾಗದು. ಗ್ಯಾಲರಿಯ ಮೇಲಿನ ಅಟ್ಟದಲ್ಲಿ ನಿಂತು, ಯಾರು ಎಲ್ಲಿದ್ದಾರೆ, ಒಳಗಿನಿಂದ ನುಗ್ಗಬೇಕೋ ಹೊರಗಿನಿಂದಲೋ ಎಂದು ರೇಡಿಯೋದಲ್ಲಿ ಹೇಳುವುದು ಸ್ಪಾಟರಿನ ಕೆಲಸ. ಬೇರೆ ತಂಡದವರು ಕದ್ದು ಕೇಳುತ್ತಾರೆ, ಕನ್ನಡದಲ್ಲೇ ಮಾತಾಡೋಣ, ಯಾರಪ್ಪನಿಗೂ ಅರ್ಥವಾಗುವುದಿಲ್ಲ ಎಂದು ಹೇಳಿಕೊಟ್ಟವರೂ ಅವರೇ. ಅವರ ಪಕ್ಕ ಸ್ಟೂಲಿನ ಮೇಲೆ ನಿಂತು ಸುತ್ತುಗಳನ್ನು ಎಣಿಸಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ಚೆನ್ನಾಗಿದೆ ಎಂದು ಅವರು ಎರಡು ಸಲ ಹೊಗಳಿದ್ದಾರೆ. ಅದೂ ಪುಸ್ತಕದಲ್ಲಿದೆ.

ಎರಡನೇ ಬೇಸಿಗೆಯ ಮೊದಲ ರೇಸಿಗೆ ಹೋದಾಗ ಅವರು ಬೇರೆ ಡೇರೆಯಲ್ಲಿದ್ದರು. ಕೆಂಪು ಕಾರು, ಎರಡು ಎಂಜಿನ್, ಹೆಸರು ಅಚ್ಚಾದ ಅಂಗಿ, ಓಡಿಸಲು ಸಂಬಳಕ್ಕಿಟ್ಟುಕೊಂಡ ಡ್ರೈವರ್. ಹಿಂದಿನ ಗುರುವಾರವಷ್ಟೇ ನಮ್ಮ ಮನೆಯಲ್ಲಿ ಅವರೆಕಾಳು ಸಾರಿನಲ್ಲಿ ಮುದ್ದೆ ಉಂಡು ಹೋಗಿದ್ದರು. ಒಂದು ಮಾತೂ ಆಡಿರಲಿಲ್ಲ. ಅಪ್ಪ ಹೋಗಿ ಕೈ ಕುಲುಕಿ ಶುಭ ಹೇಳಿ ಬಂದ. ಅವರ ದುಡ್ಡು, ಅವರಿಷ್ಟ ಎಂದ. ಮುಂದಿನ ಗುರುವಾರ ಅವರು ಎಂದಿನಂತೆ ಬಂದು ಕೂತರು, ಅಜ್ಜಿ ಎಂದಿನಂತೆ ಬಡಿಸಿದಳು. ಇಷ್ಟಕ್ಕೇ ನಾನು ಯಾರನ್ನೂ ಹನ್ನೆರಡು ವರ್ಷ ದ್ವೇಷಿಸುವವಳಲ್ಲ.

ಆ ಬೇಸಿಗೆಯ ಐದನೇ ರೇಸು ನಾವು ಗೆದ್ದೆವು. ಹೊಸ ಟೈರು ಹಾಕಿದ್ದು ಅವತ್ತೇ. ಕೊನೆಯ ಆರು ಸುತ್ತು ಚಿಕ್ಕಪ್ಪ ಮೊದಲು, ಕೆಂಪು ಕಾರು ಎರಡನೆಯದು. ಮೈಕಿನವನು ಪ್ರೆಟ್ಜೆಲ್, ಪ್ರೆಟ್ಜೆಲ್ ಎಂದು ಕಿರುಚುತ್ತಿದ್ದ. ನಾನು ಅಟ್ಟದಿಂದ ಇಳಿದು ಓಡಿದೆ. ರೇಡಿಯೋ ಹಿಡಿದಿದ್ದ ಅಪ್ಪ ಹಿಂದೆ ಬರುತ್ತಿದ್ದ. ಅಷ್ಟರಲ್ಲಿ ಗೆದ್ದ ಕಾರು ತಪಾಸಣೆಯ ಜಾಗಕ್ಕೆ ಬಂದು ನಿಂತಿತ್ತು. ತಪಾಸಣೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟಬಾರದು, ಟೈರಿಗೆ ಏನೂ ಸೋಕಬಾರದು. ಟೈರು ಮೆತ್ತಗಾಗಿ ನೆಲ ಕಚ್ಚಲೆಂದು ಕೆಲವರು ಕದ್ದು ರಾಸಾಯನಿಕ ಬಳಿಯುತ್ತಾರೆ, ಅದಕ್ಕೆ ಈ ಕಟ್ಟುನಿಟ್ಟು. ಅಜ್ಜಿಗೆ ಇದ್ಯಾವುದೂ ತಿಳಿಯದು. ಅವಳಿಗೆ ತಿಳಿದದ್ದು ಇಷ್ಟು: ಸೋತವನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಗೆದ್ದವನ ಮೇಲೆ ಊರ ಕಣ್ಣೆಲ್ಲ ಬೀಳುತ್ತದೆ, ತಡಮಾಡಬಾರದು. ಅವಳು ಕುಂಕುಮ ತುಂಬಿದ ನಿಂಬೆಹಣ್ಣಿನ ಹೋಳುಗಳನ್ನು ಕಾರಿಗೆ ಮೂರು ಸುತ್ತು ಇಳಿ ತೆಗೆದು, ನಾಲ್ಕೂ ಟೈರಿಗೆ ಒಂದೊಂದು ಹೋಳು ಹಿಂಡಿ ಉಜ್ಜಿದಳು. ಕಾದ ಟೈರಿನಿಂದ ಹಬೆ ಎದ್ದಿತು. ನಿಂಬೆಯ ವಾಸನೆ ನಾನು ಓಡಿ ಬರುತ್ತಿದ್ದ ಕಡೆಗೂ ಬಂತು.

ಬಿಳಿ ಟೋಪಿಯ ಇನ್ಸ್‌ಪೆಕ್ಟರ್ ಕೈಯಲ್ಲಿ ವಾಸನೆ ಹಿಡಿಯುವ ಯಂತ್ರ ಹಿಡಿದು ಬಂದ. ಅಜ್ಜಿಯನ್ನು ಕೇಳಿದ, ಅವಳಿಗೆ ಇಂಗ್ಲಿಷ್ ಬಾರದು, ನಕ್ಕಳು. ಚಿಕ್ಕಪ್ಪ ಪಂಜರದೊಳಗೆ ಬೆಲ್ಟುಗಳನ್ನು ಬಿಚ್ಚಿಕೊಳ್ಳುತ್ತಿದ್ದ. ಇನ್ಸ್‌ಪೆಕ್ಟರ್ ಹಿಂದಿನ ಕಾರಿನ ಬಳಿ ನಿಂತಿದ್ದ ಶೇಖರ್ ಅಂಕಲ್ ಕಡೆ ತಿರುಗಿ, ನೀವೂ ಅದೇ ಕಡೆಯವರಲ್ಲವೇ, ಇದೇನಾದರೂ ಪೂಜೆಯೋ ಏನೋ, ನಿಮಗೆ ಗೊತ್ತಿದೆಯೇ ಎಂದು ಕೇಳಿದ. ಒಳ್ಳೆಯ ರೀತಿಯಲ್ಲೇ ಕೇಳಿದ. ಪೂಜೆ ಎಂದಿದ್ದರೆ ತೊಳೆಸಿ ಬಿಡುತ್ತಿದ್ದನೇನೋ.

“ನೋ ಐಡಿಯಾ,” ಎಂದರು ಶೇಖರ್ ಅಂಕಲ್.

ಇಂಥದ್ದನ್ನು ತಾನು ಎಂದೂ ನೋಡಿಲ್ಲ, ಟೆಸ್ಟ್ ಮಾಡಿಸುವುದು ಒಳ್ಳೆಯದು ಎಂದೂ ಸೇರಿಸಿದರು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹಿಂದಿನ ವರ್ಷ ಅವರು ಹೊಸ ಕಾರು ಕೊಂಡಾಗ, ಎವರ್‌ಗ್ರೀನ್‌ನ ಅವರ ಮನೆ ಮುಂದೆ, ಇದೇ ಅಜ್ಜಿ ಇದೇ ಕೈಯಿಂದ ಅದರ ಟೈರಿಗೆ ನಿಂಬೆಹಣ್ಣು ಹಿಂಡಿದ್ದಳು. ಅವರೇ ಬಂದು ಕರೆದುಕೊಂಡು ಹೋಗಿದ್ದರು. ತಟ್ಟೆ ಹಿಡಿದಿದ್ದವಳು ನಾನು.

ಅಪ್ಪ ಓಡಿ ಬಂದು ಎಷ್ಟು ಹೇಳಿದರೂ ಇನ್ಸ್‌ಪೆಕ್ಟರ್ ಕೇಳಲಿಲ್ಲ. ತಿಳಿದವರನ್ನು ಕೇಳಿಯಾಗಿದೆ ಎಂದ. ಯಾರನ್ನು ಎಂದು ಅಪ್ಪ ಕೇಳಲಿಲ್ಲ. ಗೆಲುವು ರದ್ದಾಯಿತು, ಬಹುಮಾನ ಕೆಂಪು ಕಾರಿಗೆ ಹೋಯಿತು. ಹೊಸ ಟೈರು ನಾಲ್ಕನ್ನೂ ಪರೀಕ್ಷೆಗೆಂದು ಕತ್ತರಿಸಿದರು. ಎರಡು ರೇಸು ನಮಗೆ ಪ್ರವೇಶವಿಲ್ಲ. ಮನೆಗೆ ಬಂದು ನಾನು ಕೇಳಿದ್ದನ್ನು ಹೇಳಿದೆ. ಅಪ್ಪ ನಂಬಲಿಲ್ಲ. ಅಷ್ಟು ಎಂಜಿನ್ನುಗಳ ಗದ್ದಲದಲ್ಲಿ ನಿನಗೇನು ಕೇಳಿಸಿತೋ ಎಂದ.

“ಅವ್ರು ಹಂಗ್ ಮಾಡೋರಲ್ಲ ಪುಟ್ಟಿ. ನಮ್ಮನೆ ಅನ್ನ ತಿಂದಿದಾರೆ.”

ಗುರುವಾರ ಅವರು ಬಂದರು. ಅದು ನೂರ ಹದಿನಾರನೆಯದು. ಅಜ್ಜಿ ಅವತ್ತು ಕಟ್ಟಿದ ಮುದ್ದೆಯಲ್ಲಿ ಗಂಟು. ಅವರು ಅದನ್ನೇ ಮುರಿದು ನುಂಗುತ್ತ ಅವಳನ್ನು ಸಮಾಧಾನ ಮಾಡಿದರು:

“ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ಗೆ ರೂಲ್ ಗೊತ್ತಿರ್ಲಿಲ್ಲ. ನಿಮ್ಮಿಂದ ಹಿಂಗಾಯ್ತು ಅಂತ ಯಾರೂ ಅನ್ಕೊಳಲ್ಲ.”

ಯಾರೂ ಅಂದುಕೊಂಡಿರದಿದ್ದ ಮಾತನ್ನು ಅವರು ಅಜ್ಜಿಯ ಎದೆಯೊಳಗೆ ಇಟ್ಟು, ಕೈ ತೊಳೆದು, ಹೋದರು. ನಾನು ಅವರ ಎದುರೇ ಕೂತು ಒಂದೇ ಸಮನೆ ಅವರ ಮುಖ ನೋಡುತ್ತಿದ್ದೆ. ಅವರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಮಾರನೆಯ ದಿನದಿಂದ ಅಜ್ಜಿ ಅಡುಗೆಮನೆಗೆ ಬರಲಿಲ್ಲ. ದೀಪ ಹಚ್ಚಲಿಲ್ಲ. ತನ್ನ ಕೈಗುಣ ಕೆಟ್ಟಿದೆ, ಮುಟ್ಟಿದ್ದೆಲ್ಲ ಹಾಳಾಗುತ್ತದೆ ಎಂದಳು. ಮುದ್ದೆ ನಿಂತ ಮೇಲೆ ಶೇಖರ್ ಅಂಕಲ್ ಬರುವುದೂ ನಿಂತಿತು. ನಾನು ಕೇಳಿಸಿಕೊಂಡದ್ದನ್ನು ಅವಳಿಗೂ ಹೇಳಿದೆ. ಮಕ್ಕಳು ಅಜ್ಜಿಯ ಮೇಲಿನ ಆಸೆಗೆ ಏನಾದರೂ ಹೇಳುತ್ತವೆ ಎಂದು ತಲೆ ನೇವರಿಸಿದಳು. ಎರಡು ರೇಸಿನ ಶಿಕ್ಷೆ ಮುಗಿದು ನಾವು ಮತ್ತೆ ಹೊರಟ ಭಾನುವಾರ ಅವಳು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಳು. ಹೊರಡುವಾಗ ಮಂಜ ತನ್ನ ಮುಖ ನೋಡಬಾರದಂತೆ. ಟ್ರೇಲರಿನ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಹೊರಗೆ ಬರುತ್ತಿರಲಿಲ್ಲ ಎಂದು ಮನೆಯಲ್ಲೇ ಉಳಿದಿದ್ದ ಅಮ್ಮ ಹೇಳಿದಳು. ಹೀಗೆ ಮೂರು ಭಾನುವಾರ. ಮೂರನೆಯದರ ದಿನ ನಾನು ಪುಸ್ತಕದಲ್ಲಿ ಒಂದು ಸಾಲು ಬರೆದೆ: ಶೇಖರ್ ಅಂಕಲ್ ಅಜ್ಜಿಯ ಎದುರು ನಿಂತು, ನನಗೆ ಗೊತ್ತಿತ್ತು ಎಂದು, ಕನ್ನಡದಲ್ಲಿ ಹೇಳಬೇಕು. ಹೇಗೆ ಹೇಳಿಸುವುದೆಂದು ಗೊತ್ತಿರಲಿಲ್ಲ. ಹೇಳಿಸದೆ ಬಿಡುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಆ ಮೂರು ರೇಸಿನಲ್ಲೂ ಒಂದು ವಿಚಿತ್ರ ನಡೆಯುತ್ತಿತ್ತು. ಅಪ್ಪ ರೇಡಿಯೋದಲ್ಲಿ ಒಳಗೆ ಎಂದರೆ ಸಾಕು, ಚಿಕ್ಕಪ್ಪ ಚಕ್ರ ತಿರುಗಿಸುವ ಮೊದಲೇ ಮುಂದಿದ್ದ ಕೆಂಪು ಕಾರು ಒಳಗಿನ ದಾರಿ ಮುಚ್ಚುತ್ತಿತ್ತು. ಹೊರಗೆ ಎಂದರೆ ಹೊರಗೆ. ಅಪ್ಪ ಅದನ್ನು ನಮ್ಮ ಅದೃಷ್ಟ ಎಂದ. ನಾನು ಸುತ್ತು ಬರೆಯುವ ಹಾಳೆಯಲ್ಲಿ ಇನ್ನೆರಡು ಗೆರೆ ಎಳೆದೆ: ಅಪ್ಪ ಹೇಳಿದ್ದು, ಕೆಂಪು ಕಾರು ಹೋದದ್ದು. ಹದಿನಾಲ್ಕು ಸಲ ಅಪ್ಪ ಹೇಳಿದ್ದ. ಹದಿಮೂರು ಸಲ ಕೆಂಪು ಕಾರು ಮೊದಲೇ ಅಲ್ಲಿತ್ತು. ಉಳಿದ ಒಂದು ಸಲ ನಮ್ಮ ರೇಡಿಯೋ ಕೆಟ್ಟಿತ್ತು. ಅದೇ ಅಟ್ಟದ ಆ ತುದಿಯಲ್ಲಿ ಶೇಖರ್ ಅಂಕಲ್ ನಿಂತಿರುತ್ತಿದ್ದರು, ತಲೆಗೆ ಒಂದು ಹೆಡ್‌ಫೋನು, ಅದರ ಒಂದು ಕಿವಿಯೊಳಗೆ ಬೇರೆಯೇ ಒಂದು ರೇಡಿಯೋದ ತಂತಿ. ಬೇರೆ ತಂಡದ ಮಾತನ್ನು ಹೀಗೆ ಕೇಳುವುದು ನಿಯಮಕ್ಕೆ ವಿರುದ್ಧವಲ್ಲ. ಕನ್ನಡ ಬಲ್ಲವರು ಆ ಟ್ರ್ಯಾಕಿನಲ್ಲಿ ಬೇರೆ ಯಾರೂ ಇರಲಿಲ್ಲ, ಅಷ್ಟೇ.

ಹಾಳೆಯನ್ನು ಅ‌ಪ್ಪನಿಗೆ ತೋರಿಸಲಿಲ್ಲ. ಗರಾಜಿಗೆ ಹೋಗಿ ಚಿಕ್ಕಪ್ಪನಿಗೆ ಕೊಟ್ಟೆ. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದಿದ. ಎರಡನೇ ಸಲ ಓದಿದ.

“ನಿಮ್ಮಪ್ಪಂಗೆ ತೋರ್ಸಿದ್ಯಾ?”

“ಇಲ್ಲ. ನಂಬಲ್ಲ.”

“ನಂಬಿದ್ರೂ ಅಣ್ಣಂಗೆ ಸುಳ್ಳು ಹೇಳಕ್ ಬರಲ್ಲ. ಕೊನೇ ರೇಸಿಗೆ ಮೈಕು ನೀನ್ ಹಿಡ್ಕೊ. ಇಪ್ಪತ್ತೇಳು ಸುತ್ತು ನಿಜಾನೇ ಹೇಳು, ನನ್ನ ಜಾಗ ಹೋದ್ರೂ ಪರ್ವಾಗಿಲ್ಲ. ಆಮೇಲೆ ಒಂದ್ಸಲ, ಒಂದೇ ಸಲ, ತಿರುಗಿಸ್ ಹೇಳು.”

ಅದು ಕೊನೆಯ ರೇಸೆಂಬುದು ಎಲ್ಲರಿಗೂ ಗೊತ್ತಿತ್ತು, ಬೇಸಿಗೆಗೂ ನಮಗೂ. ಎಂಜಿನ್ ಎಣ್ಣೆ ಕುಡಿಯುತ್ತಿತ್ತು, ಇನ್ನೊಂದು ತರುವ ಮಾತೇ ಇರಲಿಲ್ಲ. ಅಪ್ಪ ಕೆಳಗೆ ಎಣ್ಣೆಯ ಡಬ್ಬಿ ಹಿಡಿದು ಕಾಯಲೇಬೇಕಾದ್ದರಿಂದ, ಅಟ್ಟಕ್ಕೆ ನಾನು ಹೋಗಲಿ, ಜೊತೆಗೆ ಅಮ್ಮ ಇರಲಿ ಎಂದಾಯಿತು. ಅಜ್ಜಿ ಬೆಳಿಗ್ಗೆಯೇ ಬಚ್ಚಲುಮನೆಗೆ ಹೊರಟಿದ್ದಳು. ಚಿಕ್ಕಪ್ಪ ಬಾಗಿಲಿಗೆ ಅಡ್ಡ ಕೂತ. ನೀನು ಬರದಿದ್ದರೆ ಕಾರು ಟ್ರೇಲರಿನಿಂದ ಇಳಿಯುವುದಿಲ್ಲ ಎಂದ. ಅರ್ಧ ಗಂಟೆಯ ಮೇಲೆ ಅವಳು ಬಂದು ವ್ಯಾನು ಹತ್ತಿದಳು, ತಲೆ ತುಂಬ ಸೆರಗು ಹೊದ್ದು. ಟ್ರ್ಯಾಕಿನಲ್ಲಿ ನಮ್ಮ ಡೇರೆಯ ಹಿಂದೆ ಮಡಚುವ ಕುರ್ಚಿ ಹಾಕಿಸಿಕೊಂಡು ಕಾರಿಗೆ ಬೆನ್ನು ಮಾಡಿ ಕೂತಳು.

ಇಪ್ಪತ್ತೇಳು ಸುತ್ತು ನಾನು ನಿಜವನ್ನೇ ಹೇಳಿದೆ. ಒಂಬತ್ತು ಸಲ ಒಳಗೆ ಎಂದೆ, ನಾಲ್ಕು ಸಲ ಹೊರಗೆ ಎಂದೆ. ಹದಿಮೂರು ಸಲವೂ ಕೆಂಪು ಕಾರು ನಮ್ಮ ದಾರಿ ಮುಚ್ಚಿತು. ಶೇಖರ್ ಅಂಕಲ್ ಒಮ್ಮೆ ನನ್ನ ಕಡೆ ನೋಡಿ ಕೈ ಬೀಸಿದರು ಕೂಡ. ಅವರು ಮೂರನೇ ಸ್ಥಾನದಲ್ಲಿದ್ದರು, ನಾವು ನಾಲ್ಕನೆಯದರಲ್ಲಿ. ಆ ಟ್ರ್ಯಾಕಿನಲ್ಲಿ ಬಹುಮಾನದ ಮೆಟ್ಟಿಲೇರಿ ನಿಲ್ಲುವುದು ಮೂವರೇ. ಇಪ್ಪತ್ತೆಂಟನೇ ಸುತ್ತಿನಲ್ಲಿ ಕಾರುಗಳು ಮೂರನೇ ತಿರುವಿಗೆ ಬರುವಾಗ ನಾನು ಗುಂಡಿ ಒತ್ತಿದೆ. ನನ್ನ ಧ್ವನಿ ನಡುಗಲಿಲ್ಲ. ಅಮ್ಮ ಇವತ್ತಿಗೂ ಅದನ್ನೇ ಹೇಳುತ್ತಾಳೆ, ಹನ್ನೆರಡು ವರ್ಷದ ಹುಡುಗಿಗೆ ಅಷ್ಟು ತಣ್ಣನೆಯ ಧ್ವನಿ ಎಲ್ಲಿಂದ ಬಂತೋ ಎಂದು.

“ಹೊರಗೆ ಚಿಕ್ಕಪ್ಪ. ಖಾಲಿ ಇದೆ. ಹೊರಗೆ, ಹೊರಗೆ.”

ನಾನು ಗುಂಡಿ ಬಿಡುವ ಮೊದಲೇ ಅಟ್ಟದ ಆ ತುದಿಯಲ್ಲಿ ಶೇಖರ್ ಅಂಕಲ್ ಬಾಯಿ ಆಡಿತು. ಕೆಂಪು ಕಾರು ಹೊರಕ್ಕೆ, ಗೋಡೆಯ ಕಡೆಗೆ ಸರಿಯಿತು. ಒಳಗಡೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟಿತು. ಚಿಕ್ಕಪ್ಪ ಒಳಗಿನಿಂದ ನುಗ್ಗಿದ. ಯಾರಿಗೂ ಯಾರೂ ತಾಗಲಿಲ್ಲ. ಉಳಿದ ಎರಡು ಸುತ್ತು ಹೊಗೆ ಕಾರುತ್ತಲೇ ಓಡಿಸಿ ಅವನು ಮೂರನೆಯವನಾಗಿ ಗೆರೆ ದಾಟಿದ. ದಾಟಿದ ಮೇಲೆ ನೂರು ಗಜ ಹೋಗಿ ಎಂಜಿನ್ ಸತ್ತಿತು. ಮತ್ತೆ ಅದನ್ನು ಯಾರೂ ಎಬ್ಬಿಸಲಿಲ್ಲ.

ನಾನು ಅಮ್ಮನ ಜೊತೆ ಡೇರೆಗೆ ಬರುವಷ್ಟರಲ್ಲಿ ಶೇಖರ್ ಅಂಕಲ್ ಅಲ್ಲಿದ್ದರು. ಮುಖ ಕೆಂಪಾಗಿತ್ತು. ಅಪ್ಪನ ಮುಂದೆ ನಿಂತು ಮೊದಲು ಇಂಗ್ಲಿಷಿನಲ್ಲಿ ಬೈದರು, ಆಮೇಲೆ ಕನ್ನಡಕ್ಕೆ ಬಂದರು.

“ಏನ್ರೀ ಇದು? ಹೊರಗೆ ಅಂತ ಹೇಳಿ ಒಳಗೆ ನುಗ್ಸೋದಾ? ಮಗೂಗೆ ಇದನ್ನಾ ಹೇಳ್ಕೊಡೋದು?”

ಅಪ್ಪನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟ. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದ:

“ನಮ್ ರೇಡಿಯೋ ನಿಮ್ ಕಿವೀಲಿ ಯಾಕಿತ್ತು ಸಾರ್?”

ಅಂಕಲ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಪ್ಪ ತಿರುಗಿ ನನ್ನನ್ನು ನೋಡಿದ. ಮೂರು ತಿಂಗಳ ಹಿಂದೆ ನಾನು ಹೇಳಿದ್ದು ಅವನಿಗೆ ಆಗ ಕೇಳಿಸಿತು. ಅಷ್ಟರಲ್ಲಿ ಡೇರೆಯ ಹಿಂದಿನಿಂದ ಅಜ್ಜಿಯ ಧ್ವನಿ ಬಂತು.

“ಅದ್ಯಾರ್ಲಾ ಅದು, ಶೇಕ್ರನಾ? ಇತ್ಲಾಗ್ ಬಾ. ಹತ್ರ ಬಾ, ನಂಗ್ ಕಾಣಕ್ಕಿಲ್ಲ.”

ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿದ್ದ ಕಾಲ ಅದು. ಅಂಕಲ್ ಹೋಗಿ ಅವಳ ಕುರ್ಚಿಯ ಮುಂದೆ ನಿಂತರು. ನಾವೆಲ್ಲ ಹಿಂದೆ ಹೋದೆವು.

“ಗುಡ್ಡದ್ ಮೇಲೆ ನಿನ್ ಮನೇಲಿ, ನಿನ್ ಹೊಸ ಕಾರ್ಗೆ ನಿಂಬೆಹಣ್ಣ್ ಇಳಿ ತೆಗ್ದೋಳು ಯಾರ್ಲಾ?”

“ನೀವೇ ಅಮ್ಮ.”

“ಅವತ್ತು ಆ ಟೋಪಿಯೋನು ಕೇಳ್ದಾಗ ಗೊತ್ತಿಲ್ಲ ಅಂದ್ಯಂತೆ. ಈ ಮಗ ಬಡ್ಕೊಂತು, ನಾನ್ ನಂಬ್ನಿಲ್ಲ. ನೀನೇ ಹೇಳು. ಗೊತ್ತಿತ್ತಾ, ಇಲ್ವಾ?”

ಇನ್ಸ್‌ಪೆಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದಷ್ಟು ಸುಲಭವಾಗಿ ಅದನ್ನು ಅವಳಿಗೆ ಹೇಳಲು ಅವರಿಂದಾಗಲಿಲ್ಲ. ನೆಲ ನೋಡಿದರು. ಗೊತ್ತಿತ್ತು ಎಂದು ತುಟಿಯೊಳಗೇ ಅಂದರು.

“ಕೇಳ್ನಿಲ್ಲ.”

“ಗೊತ್ತಿತ್ತಮ್ಮ.”

“ಕಿವಿ ಮಂದ ಕಣಪ್ಪ. ಬಿಡಿಸ್ ಹೇಳು.”

ಹಾಲಿನಲ್ಲಿ ಕೂತು, ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆಗೆ ಸಾಸಿವೆ ಕಮ್ಮಿ ಹಾಕಿದ್ದನ್ನು ಸಿಡಿಯುವ ಸದ್ದಿನಿಂದಲೇ ಹೇಳಬಲ್ಲ ಕಿವಿ ಅದು. ಅಂಕಲ್ ಒಮ್ಮೆ ಸುತ್ತ ನೋಡಿದರು. ಪಕ್ಕದ ಡೇರೆಗಳವರು ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

“ಅದು ದೃಷ್ಟಿ ತೆಗ್ಯೋ ನಿಂಬೆಹಣ್ಣು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದೆ.”

ಆದರೆ ರೂಲ್ ಪ್ರಕಾರ ನೋಡಿದರೆ, ಎಂದು ಮತ್ತೇನೋ ಶುರು ಮಾಡಿದರು. ಅಜ್ಜಿ ಕೈ ಎತ್ತಿದಳು.

“ಸಾಕು, ಹೋಗ್ಲಾ.”

ಅರವತ್ತು ಜನರ ಮೇಲಿನ ಸಾಹೇಬರು ಹೋದರು. ಆಮೇಲೆಯೂ ನಮ್ಮ ಮನೆಗೆ ಬರಲಿಲ್ಲ. ನಮ್ಮ ತಂಡದ ಇತಿಹಾಸವೂ ಅಲ್ಲಿಗೆ ಮುಗಿಯಿತು: ಎರಡು ಬೇಸಿಗೆ, ಹತ್ತೊಂಬತ್ತು ರೇಸು, ಒಂದು ಮೂರನೇ ಸ್ಥಾನ, ಯಾರ ದಾಖಲೆಯಲ್ಲೂ ಇಲ್ಲದ ಒಂದು ಗೆಲುವು. ಕಾರು ಗುಜರಿಗೆ ಹೋಯಿತು. ದ್ವೇಷ ಒಳ್ಳೆಯದಲ್ಲ, ಮನಸ್ಸನ್ನೇ ಸುಡುತ್ತದೆ ಎಂದು ಈಗ ಅನೇಕರು ನನಗೆ ಹೇಳುತ್ತಾರೆ. ನಾನು ಎಣಿಸಲು, ಕಾಯಲು, ಸರಿಯಾದ ಗಳಿಗೆಯಲ್ಲಿ ಬಾಯಿ ತೆರೆಯಲು ಕಲಿತದ್ದು ಆ ಬೇಸಿಗೆಯಲ್ಲಿ. ನನ್ನನ್ನು ಅದು ಸುಡಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಅಜ್ಜಿ ನನ್ನ ಪಕ್ಕ ಕೂತಳು. ಹಿಂದೆ ಟ್ರೇಲರಿನ ಮೇಲೆ ಸತ್ತ ಕಾರು. ಆಲ್ಟಮಾಂಟ್ ಏರುವಾಗ ಬಿಸಿಲು ಇನ್ನೂ ಇತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ತಲೆಯ ಮೇಲಿನ ಸೆರಗು ಅವಳ ಹೆಗಲಿಗೆ ಜಾರಿತ್ತು. ಮಾರನೆಯ ದಿನಕ್ಕೆ ಹುರುಳಿಕಾಳು ನೆನೆಹಾಕಬೇಕು, ಮನೆಯಲ್ಲಿ ಇದೆಯೋ ಇಲ್ಲವೋ ಎಂದು ಅಮ್ಮನನ್ನು ಕೇಳಿದಳು. ಆಮೇಲೆ ನನ್ನ ತೊಡೆ ತಟ್ಟಿದಳು.

“ಮಗ, ನಂಗ್ ಸರ್ಯಾಗ್ ಕಾಣ್ನಿಲ್ಲ. ಅವ್ನ್ ಮಖ ಹೆಂಗಿತ್ತು?”

ನಾನು ಹೇಳಿದೆ. ಮೊದಲು ಕೆಂಪಗಿತ್ತು, ಆಮೇಲೆ ಬಿಳಿಚಿತು, ಹಣೆಯ ಮೇಲೆ ಬೆವರಿತ್ತು, ಕೈಯಲ್ಲಿ ಟೋಪಿ ಹಿಂಡುತ್ತಿದ್ದರು. ಅವಳು ಇನ್ನೊಂದು ಸಲ ಹೇಳು ಎಂದಳು. ಇನ್ನೊಂದು ಸಲ ಹೇಳಿದೆ. ಮುಂದೆ ಕೂತಿದ್ದ ಅಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡಿ ಮತ್ತೆ ರಸ್ತೆಯ ಕಡೆ ಕಣ್ಣು ಹೊರಳಿಸಿದ.

“ಅತ್ನಾ?”

ಅತ್ತಿರಲಿಲ್ಲ. ಅವರ ಕಣ್ಣು ಒಣಗಿಯೇ ಇತ್ತು, ನಾನು ಹತ್ತಿರದಿಂದ ನೋಡಿದ್ದೆ. ಕಂಡದ್ದನ್ನು ಬಿಟ್ಟು ಬೇರೆಯದನ್ನು ನಾನು ಅಲ್ಲಿಯವರೆಗೆ ಬರೆದವಳೂ ಅಲ್ಲ, ಹೇಳಿದವಳೂ ಅಲ್ಲ. ಇಪ್ಪತ್ತೆಂಟನೇ ಸುತ್ತಿನದು ಒಂದೇ ಬೇರೆ.

“ಅತ್ರು ಅಜ್ಜಿ.”

“ಎಷ್ಟೊತ್ತು?”

“ನಾಲ್ಕು ನಿಮಿಷ.”

ಅಜ್ಜಿ ಆ ನಾಲ್ಕು ನಿಮಿಷವನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಕಿಟಕಿಯ ಕಡೆ ತಿರುಗಿ ಆರಾಮಾಗಿ ಕೂತು, ಕಣ್ಣು ಮುಚ್ಚಿಕೊಂಡಳು.

“ಸಾಲ್ದು,” ಎಂದಳು.